ಕೋಲಾರದ ಬಿಡಿಸದ ಒಗಟು, ಘಟ್ಟದಲ್ಲಿ ಕೊರೆಯದ ಸುರಂಗ

ಹೊನ್ನಾವರ: ಭಟ್ಕಳದಿಂದ ಹೊನ್ನಾವರ ಮಾರ್ಗವಾಗಿ ಕುಮಟಾದತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸಹ್ಯಾದ್ರಿಯ ಸಾಲು. ಮಳೆಗಾಲ ಇಲ್ಲಿನವರಿಗೆ ಹೊಸತಲ್ಲ. ಆದರೆ ಯಾರ ಅರಿವಿಗೂ ಬಾರದ ಇನ್ನೊಂದು ಮಳೆ ಈ ದಾರಿಯ ಮೇಲೆ ವರ್ಷದ ಹನ್ನೆರಡೂ ತಿಂಗಳು ಸುರಿಯುತ್ತಿರುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳ ಮಳೆ ಅದು. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಕಣ. ಚಾಚಿದ ಅಂಗೈಯನ್ನು ಪ್ರತಿ ಸೆಕೆಂಡಿಗೆ ಒಂದೆರಡು ಮ್ಯೂಆನ್‌ಗಳು ತೂರಿಹೋಗುತ್ತವೆ ಎಂದರೆ ಅದರ ಪ್ರಮಾಣ ತಿಳಿದೀತು.

ವಿಶ್ವದ ಅತಿ ದೊಡ್ಡ ರಹಸ್ಯಗಳಲ್ಲೊಂದಾದ ‘ಕಪ್ಪು ದ್ರವ್ಯ’ದ ಸುಳಿವು ಸಿಗಬಹುದೆಂದು ವಿಜ್ಞಾನಿಗಳು ವಿಶ್ವಕಿರಣಗಳನ್ನು ದಶಕಗಳಿಂದ ಜಾಲಾಡುತ್ತಿದ್ದಾರೆ. ಈ ಹುಡುಕಾಟದ ಒಂದು ಅಧ್ಯಾಯ ಕರ್ನಾಟಕದ ನೆಲದಡಿಯಲ್ಲೇ, ಕೋಲಾರ ಚಿನ್ನದ ಗಣಿಯಲ್ಲಿ, ಬರೆಯಲ್ಪಟ್ಟಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆ ಅಧ್ಯಾಯ ಇನ್ನೂ ಪೂರ್ಣಗೊಂಡಿಲ್ಲ. ಪೂರ್ಣಗೊಳಿಸಬೇಕಾದರೆ ಬೆಟ್ಟದೊಳಗೆ ಅಥವಾ ನೆಲದಾಳದಲ್ಲಿ ಒಂದು ಪ್ರಯೋಗಾಲಯ ಬೇಕು. ಗಣಿಯಲ್ಲಿದ್ದುದು ಮುಚ್ಚಿಹೋಯಿತು. ಬೆಟ್ಟದಲ್ಲಿ ಕಟ್ಟಬೇಕೆಂದುದು ಆರಂಭವಾಗಲೇ ಇಲ್ಲ. ಶರಾವತಿ ಕಣಿವೆಯಲ್ಲಿ ಭೂಗತ ವಿದ್ಯುದಾಗಾರದ ಪ್ರಸ್ತಾವದ ವಿರುದ್ಧ ಜನ ದನಿಯೆತ್ತಿರುವ ಈ ಹೊತ್ತಿನಲ್ಲಿ, ಆ ಪ್ರಶ್ನೆ ಕರಾವಳಿಗೂ ಸಂಬಂಧಪಟ್ಟದ್ದೇ ಆಗಿದೆ.

ಕಾಣದ ದ್ರವ್ಯದ ಜಾಡು

ಕಪ್ಪು ದ್ರವ್ಯ ಎಂದರೇನು? ನಕ್ಷತ್ರ, ಗ್ರಹ, ಅನಿಲ, ಧೂಳು, ನಾವು, ನೀವು ಎಲ್ಲವನ್ನೂ ಕೂಡಿಸಿದರೂ ವಿಶ್ವದ ಒಟ್ಟು ಲೆಕ್ಕದಲ್ಲಿ ಅದು ಶೇ 5ರಷ್ಟು ಮಾತ್ರ. ಸುಮಾರು ಶೇ 27ರಷ್ಟು ಪಾಲು ಬೆಳಕನ್ನು ಸೂಸದ, ಹೀರದ, ಆದರೆ ಗುರುತ್ವದಿಂದ ತನ್ನ ಇರವನ್ನು ತೋರುವ ದ್ರವ್ಯ. ಉಳಿದದ್ದು ಕಪ್ಪು ಶಕ್ತಿ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಗೆಲಕ್ಸಿಗಳ ಗುಂಪೊಂದರ ಚಲನೆಯನ್ನು ಅಳೆದು, ಕಾಣುವ ದ್ರವ್ಯವಷ್ಟೇ ಇದ್ದಿದ್ದರೆ ಆ ಗುಂಪು ಚದುರಿಹೋಗಬೇಕಿತ್ತು ಎಂದು ತೋರಿಸಿದರು. 1970ರ ದಶಕದಲ್ಲಿ ವೆರಾ ರೂಬಿನ್ ಗೆಲಕ್ಸಿಗಳ ಹೊರ ಅಂಚಿನ ನಕ್ಷತ್ರಗಳು ನಿರೀಕ್ಷೆಗಿಂತ ವೇಗವಾಗಿ ಸುತ್ತುವುದನ್ನು ಒಂದರ ಮೇಲೊಂದರಂತೆ ದಾಖಲಿಸಿದ ಬಳಿಕ ಅನುಮಾನಕ್ಕೆ ಎಡೆ ಕಡಿಮೆಯಾಯಿತು.

ಆ ದ್ರವ್ಯ ಯಾವ ಕಣಗಳಿಂದಾಗಿದೆ ಎಂಬುದು ಮಾತ್ರ ಇಂದಿಗೂ ಗೊತ್ತಾಗಿಲ್ಲ. ಖಗೋಳ ವಿಜ್ಞಾನಿಗಳ ಅಂದಾಜಿನ ಪ್ರಕಾರ ನಮ್ಮ ಸೌರಮಂಡಲದ ನೆರೆಯಲ್ಲಿ ಪ್ರತಿ 3 ಘನ ಸೆಂಟಿಮೀಟರಿಗೆ ಸುಮಾರು ಒಂದು ಪ್ರೋಟಾನ್ ತೂಕದಷ್ಟು ಕಪ್ಪು ದ್ರವ್ಯವಿದೆ. ಒಂದೊಂದು ಕಣವೂ 5ರಿಂದ 10 ಪ್ರೋಟಾನ್‌ಗಳಷ್ಟು ಭಾರವೆಂದು ಭಾವಿಸಿದರೆ, ಒಂದು ಲೀಟರ್ ನೀರಿನ ಬಾಟಲಿಯಷ್ಟು ಜಾಗದಲ್ಲಿ ಯಾವ ಕ್ಷಣದಲ್ಲೂ 30ರಿಂದ 60 ಕಣಗಳು ಇರುತ್ತವೆ. ಅವು ನಮ್ಮನ್ನು ಮುಟ್ಟದೆ ಹಾದುಹೋಗುತ್ತವೆ ಅಷ್ಟೆ.

ಈ ಕಣಗಳನ್ನು ಪತ್ತೆಹಚ್ಚಲು ಮುಖ್ಯವಾಗಿ ಎರಡು ಹಾದಿಗಳಿವೆ. ಕಪ್ಪು ದ್ರವ್ಯದ ಕಣವೊಂದು ಸಾಮಾನ್ಯ ಪರಮಾಣುವಿಗೆ ಡಿಕ್ಕಿ ಹೊಡೆಯುವುದನ್ನು ಕಾದು ಹಿಡಿಯುವುದು ಒಂದು. ಕಪ್ಪು ದ್ರವ್ಯ ಶಾಶ್ವತವಲ್ಲದಿದ್ದರೆ, ಅಂದರೆ ಅತಿ ನಿಧಾನವಾಗಿಯಾದರೂ ವಿಘಟನೆ ಹೊಂದುತ್ತಿದ್ದರೆ, ಆಗ ಸಿಡಿಯುವ ಎಲೆಕ್ಟ್ರಾನ್, ಪಾಸಿಟ್ರಾನ್, ಮ್ಯೂಆನ್, ನ್ಯೂಟ್ರಿನೊ ಅಥವಾ ಗಾಮಾ ಕಿರಣಗಳನ್ನು ಹುಡುಕುವುದು ಇನ್ನೊಂದು. ಈ ಲೇಖನದ ವಿಷಯ ಎರಡನೆಯದು.

ಆಕಾಶದಲ್ಲಿ ನಡೆದ ಶೋಧ

2006ರಲ್ಲಿ ಉಡಾವಣೆಗೊಂಡ ‘ಪಮೇಲಾ’ ಎಂಬ ಉಪಕರಣ ಭೂಕಕ್ಷೆಯಿಂದ ವಿಶ್ವಕಿರಣಗಳನ್ನು ಅಳೆಯಿತು. ಹೆಚ್ಚಿನ ಶಕ್ತಿಯ ಪಾಸಿಟ್ರಾನ್‌ಗಳು ನಿರೀಕ್ಷೆಗಿಂತ ಹೆಚ್ಚಾಗಿವೆ ಎಂದು 2008-09ರ ಹೊತ್ತಿಗೆ ಅದು ವರದಿ ಮಾಡಿತು. ಸಾಮಾನ್ಯ ಲೆಕ್ಕದಲ್ಲಿ ಶಕ್ತಿ ಏರಿದಂತೆ ಎಲೆಕ್ಟ್ರಾನ್‌ಗಳಿಗೆ ಹೋಲಿಸಿದರೆ ಪಾಸಿಟ್ರಾನ್‌ಗಳ ಪಾಲು ಇಳಿಯಬೇಕಿತ್ತು, ಅದು ಏರುತ್ತಿತ್ತು. 2011ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದು ಅಳವಡಿಸಿದ ‘ಎಎಂಎಸ್’ ಉಪಕರಣ, ನೊಬೆಲ್ ಪುರಸ್ಕೃತ ಸ್ಯಾಮ್ಯುಯೆಲ್ ಟಿಂಗ್ ನೇತೃತ್ವದಲ್ಲಿ, 2013ರಲ್ಲಿ ಇದನ್ನು ಇನ್ನಷ್ಟು ನಿಖರವಾಗಿ ದೃಢಪಡಿಸಿತು.

ಕಪ್ಪು ದ್ರವ್ಯದ ವಿಘಟನೆಯಿಂದಲೇ ಈ ಪಾಸಿಟ್ರಾನ್‌ಗಳು ಬಂದಿರಬಹುದೇ? ಹಾಗೆಂದು ಅನೇಕ ಪ್ರಬಂಧಗಳು ಪ್ರಕಟವಾದವು. ಆದರೆ ಇನ್ನೊಂದು ವಿವರಣೆಯೂ ಇತ್ತು. ಪಲ್ಸಾರ್‌ಗಳೆಂಬ, ವೇಗವಾಗಿ ಗಿರಕಿ ಹೊಡೆಯುವ ಸತ್ತ ನಕ್ಷತ್ರಗಳೂ ಇಂತಹ ಪಾಸಿಟ್ರಾನ್‌ಗಳನ್ನು ಉಗುಳಬಲ್ಲವು. ಎರಡರಲ್ಲಿ ಯಾವುದು ನಿಜ ಎಂಬ ವಾದ ಇಂದಿಗೂ ಸಂಪೂರ್ಣವಾಗಿ ಮುಗಿದಿಲ್ಲ. ಪಲ್ಸಾರ್‌ಗಳ ಕಡೆಗೇ ಹೆಚ್ಚಿನವರ ಒಲವು.

ಇದೇ ಬಗೆಯ ಚರ್ಚೆ 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಎದ್ದಿತು. ಇಟಲಿಯ ಸಿಸಿಲಿ ದ್ವೀಪದ ಬಳಿ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ, ಸುಮಾರು ಮೂರೂವರೆ ಕಿಲೋಮೀಟರ್ ಆಳದಲ್ಲಿ ನೆಲೆಗೊಂಡಿರುವ ‘ಕೆಎಂ3ನೆಟ್’ ದೂರದರ್ಶಕ, 2023ರ ಫೆಬ್ರವರಿ 13ರಂದು ಹಿಂದೆಂದೂ ಕಾಣದಷ್ಟು ಶಕ್ತಿಯ ನ್ಯೂಟ್ರಿನೊ ಒಂದರ ಕುರುಹನ್ನು ದಾಖಲಿಸಿದ್ದಾಗಿ ಪ್ರಕಟಿಸಿತು. ಭಾರೀ ತೂಕದ ಕಪ್ಪು ದ್ರವ್ಯದ ಕಣ ವಿಘಟನೆ ಹೊಂದಿ ಇದು ಹುಟ್ಟಿರಬಹುದೆಂಬ ಊಹೆಯೂ ಅನೇಕ ವಿವರಣೆಗಳ ನಡುವೆ ಕೇಳಿಬಂತು. ಒಂದೇ ಒಂದು ಘಟನೆಯಿಂದ ತೀರ್ಮಾನಕ್ಕೆ ಬರುವುದು ಸಾಧ್ಯವಿಲ್ಲ. ಕೆಲವೇ ಘಟನೆಗಳನ್ನು ಕೈಯಲ್ಲಿ ಹಿಡಿದು ವಿವರಣೆಗಾಗಿ ಪರದಾಡುವ ಈ ಸ್ಥಿತಿ ಕೋಲಾರದ ವಿಜ್ಞಾನಿಗಳಿಗೆ ಅರ್ಧ ಶತಮಾನದ ಹಿಂದೆಯೇ ಎದುರಾಗಿತ್ತು.

ಗಣಿಯ ಆಳದಲ್ಲಿ ಎರಡು ತಿಂಗಳ ಸೊನ್ನೆ

ವಿಶ್ವಕಿರಣಗಳ ಅಧ್ಯಯನಕ್ಕೂ ಕರ್ನಾಟಕಕ್ಕೂ ಇರುವ ನಂಟು ಹಳೆಯದು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಇಲ್ಲಿಂದಲೇ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಮೊದಲು ಆರಂಭವಾದದ್ದೂ ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು.

ಭಾಭಾ ಅವರ ಸೂಚನೆಯಂತೆ ಕೋಲಾರದ ಗಣಿಯೊಳಗೆ ಮ್ಯೂಆನ್‌ಗಳನ್ನು ಅಳೆಯಲು 1950ರ ದಶಕದ ಆರಂಭದಲ್ಲಿ ಇಳಿದವರು ಬಿ.ವಿ. ಶ್ರೀಕಂಠನ್. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಈ ಕನ್ನಡಿಗ ವಿಜ್ಞಾನಿ ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ನಿಧನರಾದರು.

ಗಣಿಗೇ ಏಕೆ ಇಳಿಯಬೇಕು? ಮೇಲೆ ಹೇಳಿದ ಮ್ಯೂಆನ್ ಮಳೆಯಿಂದ ತಪ್ಪಿಸಿಕೊಳ್ಳಲು. ಭೂಮಿಯ ಮೇಲೆ ಅಪರೂಪದ ಘಟನೆಯನ್ನು ಹುಡುಕುವುದೆಂದರೆ ಆಷಾಢದ ಜಡಿಮಳೆಯಲ್ಲಿ ನಿಂತು ಒಂದು ನಿರ್ದಿಷ್ಟ ಹನಿಯನ್ನು ಗುರುತಿಸಿದಂತೆ. ಮೇಲೆ ಬಂಡೆ ದಪ್ಪವಾದಷ್ಟೂ ಮಳೆ ಕಡಿಮೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕೊಂಕಣ ರೈಲ್ವೆ ಕಟ್ಟಿದ ಸೇತುವೆಯ ಉದ್ದ 2 ಕಿಲೋಮೀಟರಿಗೂ ತುಸು ಹೆಚ್ಚು. ಅದನ್ನು ನೆಟ್ಟಗೆ ನೆಲದೊಳಕ್ಕೆ ಇಳಿಸಿದರೆ ಎಷ್ಟು ಆಳಕ್ಕೆ ಹೋದೀತೋ, ಕೋಲಾರದ ಪ್ರಯೋಗಾಲಯ ಅದಕ್ಕಿಂತಲೂ ಕೆಳಗೆ, 2.3 ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿ ಮ್ಯೂಆನ್‌ಗಳ ಪ್ರಮಾಣ ಕೋಟ್ಯಂತರ ಪಾಲು ತಗ್ಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮ್ಯೂಆನ್ ಬೀಳಲು ದಿನಗಟ್ಟಲೆ ಕಾಯಬೇಕು.

1960ರ ದಶಕದ ಆರಂಭದಲ್ಲಿ ಇನ್ನೂ ಆಳಕ್ಕೆ, ಸುಮಾರು 2.7 ಕಿಲೋಮೀಟರಿಗೆ, ಇಳಿಸಿದ ಉಪಕರಣದಲ್ಲಿ ಎರಡು ತಿಂಗಳಾದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಬೇರೆಯವರಾದರೆ ಉಪಕರಣ ಕೆಟ್ಟಿದೆ ಎಂದೋ ಶ್ರಮ ವ್ಯರ್ಥವಾಯಿತೆಂದೋ ಕೈಚೆಲ್ಲುತ್ತಿದ್ದರೇನೋ. ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮತ್ತು ಸಂಗಡಿಗರು ಆ ಸೊನ್ನೆಯನ್ನೇ ಫಲಿತಾಂಶವೆಂದು ಓದಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊಗಳನ್ನು ಹಿಡಿಯಬಹುದು ಎಂಬುದು ಅವರ ತರ್ಕ.

ತರ್ಕ ಸರಿಯಾಗಿತ್ತು. ಟಾಟಾ ಸಂಸ್ಥೆ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಮತ್ತು ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯಗಳ ಜಂಟಿ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಬಂಡೆಯಲ್ಲಿ ಉಂಟುಮಾಡಿದ ಮ್ಯೂಆನ್‌ಗಳನ್ನು ಪತ್ತೆಹಚ್ಚಿತು. ಆ ಪ್ರಬಂಧ 1965ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಅದೇ ತಿಂಗಳು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡದ ಪ್ರಬಂಧವೂ ಹೊರಬಂತು. ವಿಶ್ವದಲ್ಲೇ ಮೊದಲ ಬಾರಿಗೆ ವಾತಾವರಣದ ನ್ಯೂಟ್ರಿನೊಗಳನ್ನು ಕಂಡ ಹಿರಿಮೆ ಈ ಎರಡು ಗಣಿಗಳಿಗೆ ಸೇರುತ್ತದೆ.

‘ಕೋಲಾರ ಘಟನೆಗಳು’

ಅದೇ ಉಪಕರಣಗಳಲ್ಲಿ ಕಂಡ ಬೆರಳೆಣಿಕೆಯಷ್ಟು ಘಟನೆಗಳು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಒಂದೇ ಬಿಂದುವಿನಿಂದ ಎರಡು ಅಥವಾ ಮೂರು ಜಾಡುಗಳು ಹೊರಟಿದ್ದವು. ಜಾಡುಗಳ ನಡುವಿನ ಕೋನ ಅಗಲವಾಗಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಆ ಬಿಂದು ಬಂಡೆಯೊಳಗೆ ಇರಲಿಲ್ಲ. ಸುರಂಗದ ಗೋಡೆಗೂ ಉಪಕರಣಕ್ಕೂ ನಡುವಿನ ಬರಿಯ ಗಾಳಿಯಲ್ಲಿ ಅಥವಾ ಉಪಕರಣದ ತೆಳುವಾದ ಭಾಗದಲ್ಲಿ ಇದ್ದಂತೆ ತೋರುತ್ತಿತ್ತು. ನ್ಯೂಟ್ರಿನೊ ಡಿಕ್ಕಿ ಹೊಡೆಯಬೇಕಾದರೆ ದಟ್ಟವಾದ ವಸ್ತು ಬೇಕು. ಗಾಳಿಯಲ್ಲಿ ಅದು ಸಂಭವಿಸುವ ಸಾಧ್ಯತೆ ತೀರಾ ಕಡಿಮೆ. ಹಾಗಿದ್ದರೆ ಗಾಳಿಯಲ್ಲಿ ಒಡೆದದ್ದು ಏನು?

1975ರಲ್ಲಿ ಎಂ.ಆರ್. ಕೃಷ್ಣಸ್ವಾಮಿ ಮತ್ತು ಸಂಗಡಿಗರು ಇದನ್ನು ಹೊಸ ಕಣವೊಂದರ ವಿಘಟನೆ ಎಂದು ವಿವರಿಸಿದರು. ನ್ಯೂಟ್ರಿನೊ ಬಂಡೆಗೆ ಬಡಿದಾಗ ಹುಟ್ಟಿದ ಅಲ್ಪಾಯುಷಿ ಕಣ ಹೊರಬಂದು ಗಾಳಿಯಲ್ಲಿ ಒಡೆಯುತ್ತದೆ ಎಂಬುದು ಅವರ ವಾದ. ಯುರೋಪ್ ಮತ್ತು ಅಮೆರಿಕದ ದೊಡ್ಡ ಕಣವೇಗವರ್ಧಕಗಳಲ್ಲಿ ಆ ಕಣಕ್ಕಾಗಿ ಹುಡುಕಾಟ ನಡೆಯಿತು. ಸಿಗಲಿಲ್ಲ. 1980ರ ದಶಕದಲ್ಲಿ ಪ್ರೋಟಾನ್ ವಿಘಟನೆಯನ್ನು ಹುಡುಕಲೆಂದು ಅದೇ ಗಣಿಯಲ್ಲಿ 140 ಟನ್ ತೂಕದ ಉಪಕರಣವನ್ನು, ಬಳಿಕ ಇನ್ನೂ ದೊಡ್ಡದನ್ನು ಸ್ಥಾಪಿಸಿದಾಗಲೂ ಅಂಥವೇ ಕೆಲವು ಘಟನೆಗಳು ಕಂಡವು. ಅನಂತರ ಜಗತ್ತು ಅವನ್ನು ಮರೆಯಿತು. ಪಠ್ಯಗಳಲ್ಲಿ ಅವು ‘ಕೋಲಾರ ಘಟನೆಗಳು’ ಎಂಬ ಹೆಸರಾಗಿ ಉಳಿದವು.

ಮರೆತದ್ದನ್ನು ಮತ್ತೆ ನೆನಪಿಸಿದವರು ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್. ಬೆಂಗಳೂರಿನಿಂದ ಪ್ರಕಟವಾಗುವ ‘ಪ್ರಮಾಣ’ ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ 2014ರಲ್ಲಿ ಅವರು ಮುಂದಿಟ್ಟ ಸಲಹೆ ಸರಳವಾಗಿತ್ತು. ಗಾಳಿಯಲ್ಲಿ ಒಡೆದದ್ದು ಬಂಡೆಯಿಂದ ಬಂದ ಕಣವಲ್ಲ. ಎಲ್ಲೆಡೆ ತುಂಬಿರುವ ಕಪ್ಪು ದ್ರವ್ಯದ ಕಣವೇ ಅಲ್ಲಿ ವಿಘಟನೆ ಹೊಂದಿರಬಹುದು. ಅದರ ತೂಕ 5ರಿಂದ 10 ಪ್ರೋಟಾನ್‌ಗಳ ಆಸುಪಾಸು, ಆಯುಷ್ಯ ಸುಮಾರಾಗಿ ವಿಶ್ವದ ವಯಸ್ಸಿನಷ್ಟು ಎಂಬುದು ಅವರ ಅಂದಾಜು.

ಲೆಕ್ಕ ಹಾಕಿದರೆ

ಈ ಸಲಹೆ ಎಷ್ಟು ಗಟ್ಟಿ? ಕನ್ನಡ ನಾಡಿನ ಗಣಿಯಲ್ಲೇ ಕಪ್ಪು ದ್ರವ್ಯ ಮೊದಲು ಕಂಡಿತ್ತು ಎಂದು ಬರೆದುಬಿಡುವುದು ಸುಲಭ. ಆದರೆ ಓದುಗರು ತಾವೇ ಮಾಡಬಹುದಾದ ಲೆಕ್ಕವೊಂದು ಆ ಉತ್ಸಾಹಕ್ಕೆ ಕಡಿವಾಣ ಹಾಕುತ್ತದೆ.

ಉದ್ದ, ಅಗಲ, ಎತ್ತರ ತಲಾ 10 ಮೀಟರ್ ಇರುವ ಕೋಣೆಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ 1,000 ಘನ ಮೀಟರ್, ಅಂದರೆ 10 ಲಕ್ಷ ಲೀಟರ್ ಜಾಗವಿದೆ. ಲೀಟರಿಗೆ 60ರಂತೆ ಕೋಣೆಯಲ್ಲಿ 6 ಕೋಟಿ ಕಪ್ಪು ದ್ರವ್ಯದ ಕಣಗಳಿರುತ್ತವೆ. ವಿಶ್ವದ ವಯಸ್ಸು ಸುಮಾರು 1,400 ಕೋಟಿ ವರ್ಷ. ಕಣದ ಸರಾಸರಿ ಆಯುಷ್ಯವೂ ಅಷ್ಟೇ ಎಂದಾದರೆ, 6 ಕೋಟಿ ಕಣಗಳಲ್ಲಿ ಒಂದು ಒಡೆಯಲು ಸರಾಸರಿ 230 ವರ್ಷ ಕಾಯಬೇಕು. ಕೋಲಾರದಲ್ಲಿ ಎರಡು ದಶಕಗಳ ಅವಧಿಯಲ್ಲೇ ಬೆರಳೆಣಿಕೆಯ ಘಟನೆಗಳು ಕಂಡಿದ್ದವು. ಲೆಕ್ಕ ಹತ್ತಾರು ಪಾಲು ತಾಳೆಯಾಗುವುದಿಲ್ಲ. ಭೂಮಿಯ ಆಸುಪಾಸು ಕಪ್ಪು ದ್ರವ್ಯ ನಾವೆಣಿಸಿದ್ದಕ್ಕಿಂತ ಬಹಳ ದಟ್ಟವಾಗಿದ್ದರೆ ಮಾತ್ರ ಅಂತರ ತುಂಬೀತು. ಅದಕ್ಕೆ ಬೇರೆಯದೇ ಪುರಾವೆ ಬೇಕು.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಗಣಿಯಲ್ಲಿ ಒಡೆಯುವ ಕಣ ಇಡೀ ಆಕಾಶಗಂಗೆಯಲ್ಲೂ ಒಡೆಯಬೇಕು. ಹಾಗಾದರೆ ಆಕಾಶದಲ್ಲಿ ಗಾಮಾ ಕಿರಣಗಳ ಪ್ರಭೆ ಈಗ ಕಾಣುವುದಕ್ಕಿಂತ ಅಪಾರವಾಗಿ ಹೆಚ್ಚಿರಬೇಕಿತ್ತು. ಬಾಲವಿಶ್ವದಿಂದ ಉಳಿದು ಬಂದ ಸೂಕ್ಷ್ಮತರಂಗ ವಿಕಿರಣದಲ್ಲೂ ಅದರ ಗುರುತು ಮೂಡಬೇಕಿತ್ತು. ಅಂಥದ್ದೇನೂ ಕಂಡಿಲ್ಲ. ನಮಗೆ ಕಾಣುವ ಕಣಗಳಾಗಿ ಕಪ್ಪು ದ್ರವ್ಯ ವಿಘಟನೆ ಹೊಂದುವುದಾದರೆ ಅದರ ಆಯುಷ್ಯ ವಿಶ್ವದ ವಯಸ್ಸಿನ ಕೋಟಿ ಪಾಲಿನ ಆಸುಪಾಸಿನಲ್ಲಾದರೂ ಇರಬೇಕೆಂಬುದು ಈ ಅಧ್ಯಯನಗಳ ಸಾರ. ಬಹುತೇಕ ವಿಘಟನೆಗಳು ಕಾಣದ ಕಣಗಳಾಗಿಯೇ ನಡೆಯುತ್ತವೆ ಎಂದು ವಾದಿಸಿದರೆ, ಗಣಿಯಲ್ಲಿ ಕಾಣಬಹುದಾದ ಘಟನೆಗಳ ಸಂಖ್ಯೆಯೂ ಅಷ್ಟೇ ಪಾಲು ಇಳಿದುಬಿಡುತ್ತದೆ.

ಆದ್ದರಿಂದ ಕೋಲಾರ ಘಟನೆಗಳು ಕಪ್ಪು ದ್ರವ್ಯದ ವಿಘಟನೆಯಾಗಿರುವ ಸಾಧ್ಯತೆ ಕ್ಷೀಣ ಎನ್ನುವುದೇ ನ್ಯಾಯವಾದ ಮಾತು. ಆದರೆ ಅವು ಕಪ್ಪು ದ್ರವ್ಯವಲ್ಲ ಎಂದ ಮಾತ್ರಕ್ಕೆ ಅವು ಏನು ಎಂಬುದು ತಿಳಿದಂತಾಗಲಿಲ್ಲ. ಅನುಭವಿ ಪ್ರಯೋಗಕಾರರು ವರ್ಷಗಟ್ಟಲೆ ಪರಿಶೀಲಿಸಿ ದಾಖಲಿಸಿದ ಜಾಡುಗಳಿಗೆ ಇಂದಿಗೂ ಒಪ್ಪಿತವಾದ ವಿವರಣೆಯಿಲ್ಲ. ಅಂಥದ್ದೇ ಆಳದಲ್ಲಿ, ಇನ್ನೂ ದೊಡ್ಡ ಉಪಕರಣದಲ್ಲಿ ಮತ್ತೆ ನೋಡುವುದೊಂದೇ ದಾರಿ. ಕಂಡರೆ ಅದು ದೊಡ್ಡ ಸುದ್ದಿ. ಕಾಣದಿದ್ದರೆ ಐವತ್ತು ವರ್ಷಗಳ ಒಗಟೊಂದು ಮುಗಿಯುತ್ತದೆ. ಕಪ್ಪು ದ್ರವ್ಯದ ಆಯುಷ್ಯಕ್ಕೆ ಇನ್ನೊಂದು ಕೆಳಮಿತಿ ಸಿಗುತ್ತದೆ. ಎರಡು ತಿಂಗಳ ಸೊನ್ನೆಯಿಂದ ನ್ಯೂಟ್ರಿನೊ ಪ್ರಯೋಗವನ್ನು ಕಟ್ಟಿದ ಪರಂಪರೆಗೆ ಈ ಎರಡನೆಯ ಉತ್ತರವೂ ನಷ್ಟವಲ್ಲ.

ಎರಡು ಗಣಿಗಳ ಎರಡು ಗತಿ

ಎಲ್ಲಿ ನೋಡುವುದು? ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಆಳದ ಅಂತಸ್ತುಗಳನ್ನು ಗಣಿ ಕಂಪನಿ ಒಂದೊಂದಾಗಿ ಕೈಬಿಡುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಗಣಿ ನೀರು ತುಂಬಿಕೊಂಡಿತು. ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದ ಆ ದಿನಗಳಲ್ಲಿ ಪ್ರಯೋಗಾಲಯದ ಬಗ್ಗೆ ಮಾತನಾಡುವ ಸ್ಥಿತಿಯೂ ಇರಲಿಲ್ಲ ಎಂಬುದನ್ನು ಒಪ್ಪಬೇಕು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯೂ ಮುಚ್ಚಿತು. ಅಲ್ಲಿಯೂ 1960ರ ದಶಕದಿಂದ ರೇ ಡೇವಿಸ್ ಸೂರ್ಯನ ನ್ಯೂಟ್ರಿನೊಗಳನ್ನು ಎಣಿಸುವ ಪ್ರಯೋಗ ನಡೆಸಿದ್ದರು. 2002ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲಿಯೂ ಪಂಪುಗಳು ನಿಂತು ನೀರು ಏರತೊಡಗಿತ್ತು. ಆದರೆ 2006ರಲ್ಲಿ ಗಣಿಯನ್ನು ಮಾಲೀಕ ಕಂಪನಿ ರಾಜ್ಯಕ್ಕೆ ದಾನವಾಗಿ ಕೊಟ್ಟಿತು. ಡೆನ್ನಿ ಸ್ಯಾನ್‌ಫರ್ಡ್ ಎಂಬ ಶ್ರೀಮಂತರು 7 ಕೋಟಿ ಡಾಲರ್ ನೀಡಿದರು. ನೀರೆತ್ತಿ ಒಣಗಿಸಿದ ಸುಮಾರು 1.5 ಕಿಲೋಮೀಟರ್ ಆಳದ ಅಂತಸ್ತಿನಲ್ಲಿ ಇಂದು ‘ಎಲ್‌ಜೆಡ್’ ಎಂಬ, ಕಪ್ಪು ದ್ರವ್ಯಕ್ಕಾಗಿ ಕಾದಿರುವ ಜಗತ್ತಿನ ಅತಿ ಸೂಕ್ಷ್ಮ ಉಪಕರಣಗಳಲ್ಲೊಂದು ಕೆಲಸ ಮಾಡುತ್ತಿದೆ. ಕೋಲಾರದ ಗಣಿ ಇನ್ನೂ ಆಳವಾದದ್ದು. ಅಲ್ಲಿನ ಶಾಖವೂ, ಬಂಡೆ ಸಿಡಿಯುವ ಅಪಾಯವೂ ಹೆಚ್ಚು. ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಒಂದು ಗಣಿ ಪ್ರಯೋಗಾಲಯವಾಗಿ ಮರುಹುಟ್ಟು ಪಡೆಯಿತು, ಇನ್ನೊಂದು ನೀರಿನಲ್ಲಿ ಮುಳುಗಿತು ಎಂಬುದು ಸತ್ಯ.

ಕೋಲಾರದ ಬದಲಿಗೆ ಭಾರತ ಯೋಜಿಸಿದ್ದು ನ್ಯೂಟ್ರಿನೊ ವೀಕ್ಷಣಾಲಯವನ್ನು. ಮೊದಲು ನೀಲಗಿರಿಯ ಸಿಂಗಾರ ಎಂಬಲ್ಲಿ ಜಾಗ ನೋಡಲಾಯಿತು. ಮುದುಮಲೆ ಹುಲಿ ರಕ್ಷಿತಾರಣ್ಯದ ನೆರೆ ಎಂಬ ಕಾರಣಕ್ಕೆ 2009ರಲ್ಲಿ ಅದು ಕೈಬಿಟ್ಟಿತು. ಬಳಿಕ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟವನ್ನು ಆರಿಸಲಾಯಿತು. ಸುತ್ತಲೂ ಒಂದು ಕಿಲೋಮೀಟರಿಗೂ ಹೆಚ್ಚು ಬಂಡೆ, ಸುಮಾರು 2 ಕಿಲೋಮೀಟರ್ ಉದ್ದದ ಸುರಂಗ, ಒಳಗೆ 50 ಸಾವಿರ ಟನ್ ಕಬ್ಬಿಣದ ಉಪಕರಣ ಎಂಬುದು ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು. 2016ರಲ್ಲಿ ಎನ್. ದಾಶ್, ವಿ.ಎಂ. ದಾತಾರ್, ಜಿ. ಮಜುಂದಾರ್ ಎಂಬ ವಿಜ್ಞಾನಿಗಳು, ಕೆಲವು ಮಾರ್ಪಾಡುಗಳೊಂದಿಗೆ ಅದೇ ಉಪಕರಣದಲ್ಲಿ ಕಪ್ಪು ದ್ರವ್ಯದ ವಿಘಟನೆಯನ್ನು ಹುಡುಕಬಹುದೇ, ಕೋಲಾರದ ಊಹೆಯನ್ನು ಪರೀಕ್ಷಿಸಬಹುದೇ ಎಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು.

ಲೆಕ್ಕ ಕಾಗದದಲ್ಲೇ ಉಳಿಯಿತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ತಡೆಹಿಡಿಯಿತು. 2018ರಲ್ಲಿ ಕೇಂದ್ರ ಮತ್ತೆ ಅನುಮತಿ ನೀಡಿತು. 2022ರಲ್ಲಿ ತಮಿಳುನಾಡು ಸರ್ಕಾರ ಯೋಜನೆ ಬೇಡವೆಂದು ಸುಪ್ರೀಂ ಕೋರ್ಟ್‌ಗೆ ತಿಳಿಸಿತು. ಸುರಂಗ ಕೊರೆಯುವ ಕೆಲಸ ಈವರೆಗೆ ಆರಂಭವಾಗಿಲ್ಲ. ಮದುರೈಯಲ್ಲಿ 85 ಟನ್ನಿನ ಮಾದರಿ ಉಪಕರಣವೊಂದನ್ನು ನೆಲದ ಮೇಲೆಯೇ ನಿರ್ಮಿಸಲಾಗಿದೆ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಸಣ್ಣ ಪ್ರಯೋಗಾಲಯ 2017ರಲ್ಲಿ ತೆರೆದಿದೆ. ಅದು ಕೋಲಾರದ ಕಾಲು ಭಾಗದಷ್ಟು ಆಳಕ್ಕೂ ಸಮನಲ್ಲ.

ಕರಾವಳಿಯ ಘಟ್ಟ ಆದೀತೇ?

ಇಲ್ಲಿ ಹೊನ್ನಾವರ, ಕುಮಟಾ, ಭಟ್ಕಳದ ಓದುಗರಿಗೆ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಘಟ್ಟ ನಮ್ಮಲ್ಲೂ ಇದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಭೂಗತ ಸುರಂಗಗಳ ಪ್ರಸ್ತಾವವೂ ಇದೆ. ಚೀನಾದಲ್ಲಿ ಜಿನ್‌ಪಿಂಗ್ ಜಲವಿದ್ಯುತ್ ಯೋಜನೆಗೆ ಕೊರೆದ ಸುರಂಗದಲ್ಲೇ 2010ರಲ್ಲಿ ಕಪ್ಪು ದ್ರವ್ಯದ ಪ್ರಯೋಗಾಲಯ ತೆರೆಯಿತು. ಇಟಲಿಯ ಗ್ರಾನ್ ಸಾಸೊದಲ್ಲಿ ಹೆದ್ದಾರಿ ಸುರಂಗದ ಮಗ್ಗುಲಲ್ಲೇ ಪ್ರಯೋಗಾಲಯವಿದೆ. ಹಾಗಾದರೆ ಇಲ್ಲಿ?

ಉತ್ತರ: ಆಗದು. ಜಿನ್‌ಪಿಂಗ್‌ನಲ್ಲಿ ಸುರಂಗದ ಮೇಲೆ 2,400 ಮೀಟರ್ ಬಂಡೆಯಿದೆ. ಸಹ್ಯಾದ್ರಿ ಈ ಭಾಗದಲ್ಲಿ ತಗ್ಗು. ಸಿದ್ದಾಪುರ, ಶಿರಸಿಯ ಮೇಲುಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆಯಷ್ಟೆ. ಅಡ್ಡ ಸುರಂಗ ಕೊರೆದರೆ ಬೇಕಾದ ಒಂದು ಕಿಲೋಮೀಟರ್ ಹೊದಿಕೆ ಸಿಗುವುದಿಲ್ಲ. ಬಂಡೆಯ ಬದಲು ನೀರನ್ನೇ ಹೊದಿಕೆಯಾಗಿ ಬಳಸುವ ಮೆಡಿಟರೇನಿಯನ್ ಮಾದರಿಯೂ ಇಲ್ಲಿ ಒಗ್ಗದು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿಬಂದವರಿಗೆಲ್ಲ ಗೊತ್ತಿರುವಂತೆ ಈ ಕಡಲು ಬಹು ದೂರದವರೆಗೆ ಆಳವಿಲ್ಲದ್ದು.

ಹೀಗಾಗಿ ಶರಾವತಿ ಯೋಜನೆಗೆ ವಿಜ್ಞಾನದ ಹೆಸರನ್ನು ಯಾರಾದರೂ ಅಲಂಕಾರವಾಗಿ ಬಳಸಿದರೆ ನಂಬಬೇಕಾಗಿಲ್ಲ. ಆ ಯೋಜನೆಯ ಸಾಧಕ ಬಾಧಕಗಳು ಅದರದೇ ತಕ್ಕಡಿಯಲ್ಲಿ ತೂಗಬೇಕಾದವು.

ನಂಬಿಕೆ ಎಂಬ ಹೊದಿಕೆ

ಆದರೆ ಕರಾವಳಿಯ ಅನುಭವ ಬೋಡಿ ಬೆಟ್ಟದ ಕಥೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ನ್ಯೂಟ್ರಿನೊಗಳಿಂದ ವಿಕಿರಣ ಹರಡುತ್ತದೆ ಎಂಬ ಭಯ ಅಲ್ಲಿ ಹಬ್ಬಿತ್ತು. ಅದು ವೈಜ್ಞಾನಿಕವಾಗಿ ತಪ್ಪು. ವಾತಾವರಣದ ನ್ಯೂಟ್ರಿನೊಗಳು ಪ್ರಯೋಗಾಲಯವಿದ್ದರೂ ಇಲ್ಲದಿದ್ದರೂ ಬರುತ್ತಲೇ ಇರುತ್ತವೆ. ಆದರೆ ಕಾಡು, ನೀರಿನ ಸೆಲೆ, ಸ್ಫೋಟ, ತ್ಯಾಜ್ಯದ ಬಗ್ಗೆ ಎದ್ದ ಪ್ರಶ್ನೆಗಳು ತಪ್ಪಾಗಿರಲಿಲ್ಲ. ಎರಡನ್ನೂ ಒಂದೇ ಮೂಟೆ ಕಟ್ಟಿ ‘ಅಜ್ಞಾನ’ ಎಂದು ಬದಿಗೆ ಸರಿಸಿದಲ್ಲಿ ಮಾತುಕತೆ ಮುರಿಯುತ್ತದೆ.

ಉತ್ತರ ಕನ್ನಡದವರಿಗೆ ಇದು ಗೊತ್ತು. ಲಿಂಗನಮಕ್ಕಿಯ ಕೆಳಗಿನ ಕಣಿವೆ, ಕಾಳಿಯ ಅಣೆಕಟ್ಟುಗಳು, ಕೈಗಾ, ಸೀಬರ್ಡ್ ಹೀಗೆ ‘ರಾಷ್ಟ್ರಹಿತ’ದ ಹೆಸರಿನಲ್ಲಿ ಜಿಲ್ಲೆ ಕೊಟ್ಟಿದ್ದು ಬಹಳ. ಕುಮಟಾ ತಾಲೂಕಿನ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ವಿರೋಧದ ನಡುವೆ ಬಿದ್ದುಹೋಯಿತು. ಹೊನ್ನಾವರದ ಕಾಸರಕೋಡಿನಲ್ಲಿ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದರು. ಯೋಜನೆ ಬಂದ ಮೇಲೆ ಜನರಿಗೆ ತಿಳಿಸುವುದು, ಅನುಮತಿ ಸಿಕ್ಕ ಮೇಲೆ ಅಹವಾಲು ಕೇಳುವುದು ಎಂಬ ಕ್ರಮ ಬದಲಾಗದೆ ಯಾವ ಬೆಟ್ಟದ ಜನರೂ ಸುರಂಗವನ್ನು ನಂಬಲಾರರು. ಒಳಗಿರುವುದು ಟರ್ಬೈನೋ ನ್ಯೂಟ್ರಿನೊ ಉಪಕರಣವೋ ಎಂಬುದು ಆಮೇಲಿನ ಮಾತು.

ಇದಕ್ಕೆ ಪರಿಹಾರ ದುಬಾರಿಯಲ್ಲ. ಜಾಗ ಆರಿಸುವ ಮೊದಲೇ ಸ್ಥಳೀಯ ಭಾಷೆಯಲ್ಲಿ ಪೂರ್ಣ ಮಾಹಿತಿ, ಸ್ವತಂತ್ರ ಪರಿಸರ ಅಧ್ಯಯನ, ಬೇಡವೆಂದರೆ ಹಿಂದೆ ಸರಿಯುವ ಮನಸ್ಸು. ಈಗಾಗಲೇ ಕೊರೆದಿರುವ ಗಣಿಗಳನ್ನು, ಕೋಲಾರವೂ ಸೇರಿದಂತೆ, ತಜ್ಞರು ಒಮ್ಮೆ ಗಂಭೀರವಾಗಿ ಪರಿಶೀಲಿಸಿ ಸಾಧ್ಯ ಅಥವಾ ಅಸಾಧ್ಯ ಎಂದು ಲೆಕ್ಕಸಮೇತ ವರದಿ ನೀಡುವುದು. ಕೋಲಾರದ ಹಳೆಯ ದತ್ತಾಂಶ, ಫಿಲ್ಮುಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಜೋಪಾನ ಮಾಡಿ ಹೊಸ ಪೀಳಿಗೆಯ ಕೈಗೆ ಕೊಡುವುದು. ಇವುಗಳಲ್ಲಿ ಯಾವುದಕ್ಕೂ ಕಾಡು ಕಡಿಯಬೇಕಾಗಿಲ್ಲ.

ಕೋಲಾರದ ಗಾಳಿಯಲ್ಲಿ ಒಡೆದದ್ದು ಏನೆಂದು ತಿಳಿಯಲು ಒಂದು ಕಿಲೋಮೀಟರ್ ಬಂಡೆಯ ಹೊದಿಕೆ ಬೇಕು. ಅದಕ್ಕೂ ಮೊದಲು ಬೆಟ್ಟದ ಬುಡದಲ್ಲಿ ಬದುಕುವವರ ನಂಬಿಕೆ ಬೇಕು. ಮೊದಲನೆಯದನ್ನು ಪ್ರಕೃತಿ ಧಾರಾಳವಾಗಿ ಕೊಟ್ಟಿದೆ. ಎರಡನೆಯದನ್ನು ಗಳಿಸುವ ಕೆಲಸವನ್ನು ಸರ್ಕಾರಗಳೂ ವಿಜ್ಞಾನ ಸಂಸ್ಥೆಗಳೂ ಇನ್ನು ಮೇಲಾದರೂ ಆರಂಭಿಸಬೇಕಾಗಿದೆ.